ನೀಲಿ ಚೌಕದೊಳಗಿನ ಬತ್ತಿದ ಬಾವಿ

ನಮ್ಮ ಸೀಮೆಗೆ ನೀರಾವರಿ ಕಾಲುವೆ ಬಂದು ಹಲವು ವರ್ಷಗಳಾದ ಮೇಲೆ ನಾನು ಯಾದಗಿರಿಯ ಅಂತರ್ಜಲ ಕಚೇರಿಯಲ್ಲಿ ಬಾವಿ ಅಳೆಯುವ ಕೆಲಸಕ್ಕೆ ಸೇರಿದೆ. ತಿಂಗಳಿಗೊಮ್ಮೆ ಶಹಾಪುರ, ಸುರಪುರದ ಕಡೆ ಮೋಟಾರ್ ಸೈಕಲ್ಲಿನಲ್ಲಿ ಹೋಗಿ, ಬಾವಿಗಳಿಗೆ ಟೇಪು ಇಳಿಬಿಟ್ಟು, ನೀರು ಎಷ್ಟು ಆಳದಲ್ಲಿದೆ ಎಂದು ಬರೆದುಕೊಂಡು ಬರಬೇಕು. ಮಳೆ, ಬೆಳೆ, ಮಣ್ಣಿನ ತೇವದ ಬಗ್ಗೆ ಉಪಗ್ರಹ ಕಳಿಸಿದ ಮಾಹಿತಿಯನ್ನು ಆ ಅಂಕಿಗಳ ಜೊತೆ ತಾಳೆ ನೋಡಿ, ನೆಲದೊಳಕ್ಕೆ ಎಲ್ಲಿ ಎಷ್ಟು ನೀರು ಇಂಗುತ್ತಿದೆ ಎಂದು ಲೆಕ್ಕ ಹಾಕುವುದು ನಮ್ಮ ಮೇಡಂ ಕೆಲಸ. ಅವರ ನಕ್ಷೆಯಲ್ಲಿ ನಾಡೆಲ್ಲ ಚೌಕ ಚೌಕವಾಗಿ ಕಾಣುತ್ತಿತ್ತು. ನೀರು ಇಂಗಿದ ಕಡೆ ನೀಲಿ, ಇಂಗದ ಕಡೆ ಹಳದಿ.

"ಮ್ಯಾಲಿಂದ ಕಂಡಿದ್ದು ಖರೇ ಐತೋ ಸುಳ್ಳೋ ಹೇಳೋದು ನಿಮ್ಮ ಟೇಪು ನೋಡ್ರಿ" ಎನ್ನುತ್ತಿದ್ದರು ಮೇಡಂ.

ಕೆಂಭಾವಿಯ ಆಚೆ, ಕಾಲುವೆಗಿಂತ ಎತ್ತರದ ದಿನ್ನೆಯ ಮೇಲೆ ಒಂದು ಸಣ್ಣ ಊರಿತ್ತು. ಕಾಲುವೆಯ ಕೆಳಗೆ ಕಣ್ಣು ಹಾಯುವಷ್ಟೂ ಭತ್ತ. ಮೇಲೆ ಕಲ್ಲು, ಒಂದಿಷ್ಟು ತೊಗರಿ. ಅಲ್ಲಿನ ಮೆಟ್ಟಿಲು ಬಾವಿಯೂ ನನ್ನ ಪಟ್ಟಿಯಲ್ಲಿತ್ತು. ಬಾವಿಯ ಪಕ್ಕದ ಮನೆಯಲ್ಲಿ ಹೊಲದ ಕೂಲಿಗೆ ಹೋಗುವ ಹೆಂಗಸೊಬ್ಬರಿದ್ದರು. ನನ್ನ ಗಾಡಿಯ ಸದ್ದು ಕೇಳಿದರೆ ಗೋಡೆಯ ಕನ್ನಡಿ ಬಿಚ್ಚಿ ತರುತ್ತಿದ್ದರು. ಅದರಿಂದ ಬಿಸಿಲನ್ನು ಬಾವಿಯೊಳಕ್ಕೆ ತಿರುಗಿಸಿದರೆ ನೀರಿನ ಮಟ್ಟ ಸ್ಪಷ್ಟವಾಗಿ ಕಾಣುತ್ತಿತ್ತು.

"ತಳಾ ಕಾಣಾಕತ್ತೈತ್ರಿ ಸಾಹೇಬ್ರ. ಒಂದ್ ಬೋರ್ ಹಾಕ್ಸಾಕ ಹೇಳ್ರಿ."

"ಬರಿತೀನಿ ತಗೋಳವ್ವ" ಎನ್ನುತ್ತಿದ್ದೆ.

ಒಂದು ಬೇಸಿಗೆಯಲ್ಲಿ ಎರಡು ತಿಂಗಳು ನಾನು ಆ ದಿನ್ನೆ ಹತ್ತಲಿಲ್ಲ. ಗಾಡಿ ಕೆಟ್ಟಿರಲಿಲ್ಲ, ಮೈಗೂ ಏನೂ ಆಗಿರಲಿಲ್ಲ. ಬಿಸಿಲಿಗೆ ಬೇಸತ್ತಿದ್ದೆ, ಅಷ್ಟೆ. ಕಾಲುವೆಯ ಕೆಳಗಿನ ಬಾವಿಯನ್ನು ಅಳೆದು, ಆ ಅಂಕಿಗೆ ಸ್ವಲ್ಪ ಕೂಡಿಸಿ, ದಿನ್ನೆಯ ಬಾವಿಯದೆಂದು ಬರೆದೆ. ಗದ್ದೆಗಳ ಹಸಿರು ನೋಡಿ ಉಪಗ್ರಹ ಹೇಳಿದ್ದಕ್ಕೂ ನನ್ನ ಸುಳ್ಳಿಗೂ ಸರಿಯಾಗಿ ತಾಳೆಯಾಯಿತು. ಗದ್ದೆಗಳೂ ಊರೂ ಸೇರಿದ್ದ ಆ ಒಂದು ಚೌಕ ಪೂರ್ತಿ ನೀಲಿಯಾಯಿತು.

ಆ ಊರಿನವರ ಬೋರಿನ ಅರ್ಜಿ ಸಭೆಗೆ ಬಂದ ದಿನ ನಾನು ನಕ್ಷೆಯ ಸುರುಳಿ ಹಿಡಿದು ಹಿಂದೆ ನಿಂತಿದ್ದೆ. ನಕ್ಷೆ ನೋಡಿದ ಅಧಿಕಾರಿ, "ಇಲ್ಲಿ ನೀರು ಚಲೋ ಐತಲ್ಲ, ಮುಂದಿನ ವರ್ಷ ನೋಡೋಣ" ಎಂದು ಅರ್ಜಿಯನ್ನು ಬದಿಗಿಟ್ಟರು. ಬಾಯಿ ಬಿಡಬೇಕಿತ್ತು. ಬಿಡಲಿಲ್ಲ.

ಮುಂದಿನ ತಿಂಗಳು ಹೋದಾಗ ಬಾವಿಯ ಸುತ್ತ ಮುಳ್ಳು ಹಚ್ಚಿದ್ದರು. ಆ ಹೆಂಗಸಿನ ಗಂಡ ಕಟ್ಟೆಯ ಮೇಲೆ ಕೂತಿದ್ದ.

"ಕೊಡ ಮುಳಗಲಾರದಷ್ಟ ನೀರಿತ್ರಿ. ಬಟ್ಟಲದಾಗ ತೋಡಿ ತುಂಬತೀನಂತ ತಳಕ್ಕ ಇಳದ್ಲು. ಬದೀ ಕಲ್ಲು ಕುಸದು ಆಕಿ ಬೆನ್ನ ಮ್ಯಾಲ ಬಿತ್ತು" ಎಂದ.

ಆಕೆ ಒಳಗೆ ಚಾಪೆಯ ಮೇಲಿದ್ದರು. ಸೊಂಟದ ಕೆಳಗೆ ಸ್ವಾಧೀನ ತಪ್ಪಿತ್ತು. ನನ್ನನ್ನು ನೋಡಿ ಮೊದಲು ಕೇಳಿದ್ದು, "ಎರಡ ತಿಂಗಳ ಬರಲಿಲ್ಲಲ್ರಿ, ಜಡ್ಡ ಇತ್ತೇನ್ರಿ?"

ಹೌದು ಎಂದುಬಿಡಬಹುದಿತ್ತು. "ಇಲ್ಲವ್ವ. ಬರಲಾರದನ ಬಂದೀನಂತ ಬರದೆ. ನೀರ ಐತಿ ಅಂತ ಬರದೆ. ಅದಕ್ಕ ಬೋರ್ ಸಿಗಲಿಲ್ಲ" ಎಂದೆ. ಆಕೆ ಗೋಡೆಯ ಕಡೆ ಮುಖ ತಿರುಗಿಸಿದರು. ಬಾಗಿಲಲ್ಲಿ ನಿಂತಿದ್ದ ಗಂಡ, "ಏಳ್ರಿ ಸಾಹೇಬ್ರ, ಹೊರಗ ನಡೀರಿ" ಎಂದ.

ಮರುದಿನ ಮೇಡಂ ಮುಂದೆ ಎಲ್ಲ ಹೇಳಿದೆ. ಅವರು ಬಯ್ಯಲಿಲ್ಲ. ನನ್ನ ಎರಡು ಅಂಕಿಗಳನ್ನು ಕಿತ್ತುಹಾಕಿ, ಕಾಲುವೆಯ ಮೇಲಿನ ನೆಲವನ್ನು ಬೇರೆ ಮಾಡಿ ಲೆಕ್ಕ ಹಾಕಿದರು. ಊರು ಹಳದಿಯಾಯಿತು. ಇನ್ನೂ ಎಷ್ಟು ಕಡೆ ಹೀಗೆ ಬರೆದಿದ್ದೀರಿ ಎಂದು ಮಾತ್ರ ಕೇಳಿದರು. ಮತ್ತೆಲ್ಲೂ ಇಲ್ಲ ಎಂದೆ. ನಂಬಿದಂತೆ ಕಾಣಲಿಲ್ಲ. ನನಗೆ ನೋಟಿಸು ಬಂತು. ಆ ಕಡೆಯಿಂದ ತೆಗೆದು ಮುದನಾಳದ ಕಡೆಯ ಬಾವಿಗಳನ್ನು ಅಳೆಯಲು ಹಾಕಿದರು.

ಮಳೆಗಾಲದ ಮುಂಚೆ ಆ ಊರಿಗೆ ಬೋರು ಬಂತು, ನೀರೂ ಬಿತ್ತು. ಸುದ್ದಿ ಕೇಳಿ ಒಮ್ಮೆ ಹೋದೆ. ಗಂಡ ಒಳಗೆ ಬಿಡಲಿಲ್ಲ. ಹೊಸ್ತಿಲಾಚೆಯಿಂದಲೇ, "ಯವ್ವಾ, ಹ್ಯಾಂಗದೀರಿ?" ಎಂದು ಎರಡು ಸಲ ಕೂಗಿದೆ. ಒಳಗೆ ಬಳೆಯ ಸದ್ದಾಯಿತು. ಗಂಡ ಬಾಗಿಲು ಹಾಕಿದ.