ಆರ್ಚಿಯವರ ವಂಶವೃಕ್ಷಕ್ಕೆ ನನ್ನ ಕೊಡಲಿ ಏಟು

ನನಗೊಂದು ಕೆಟ್ಟ ಚಟವಿದೆ. ಕನ್ನಡದವರು ಯಾರೇ ಸಿಗಲಿ, ಅವರು ನಮಗೆ ಏನಾಗಬೇಕು ಎಂದು ಪತ್ತೆ ಹಚ್ಚದೆ ಬಿಡುವುದಿಲ್ಲ. ನ್ಯೂಜೆರ್ಸಿಯ ಬ್ರಿಡ್ಜ್‌ವಾಟರ್ ದೇವಸ್ಥಾನದಲ್ಲಿ ದೋಸೆಗೆ ಕ್ಯೂ ನಿಂತಾಗ ಮುಂದಿದ್ದವರನ್ನು "ಮೈಸೂರಲ್ಲಿ ಎಲ್ಲಾಯ್ತು?" ಎಂದು ಕೇಳಲು ಶುರು ಮಾಡಿದರೆ, ದೋಸೆ ಕೈಗೆ ಬರುವ ಹೊತ್ತಿಗೆ ಅವರು ನನ್ನ ಸೋದರತ್ತೆಯ ಓರಗಿತ್ತಿಯ ತಮ್ಮನ ಮಗ ಆಗಿರುತ್ತಾರೆ. "ರೀ, ಪಾಪ ಅವರು ದೋಸೆ ತಿನ್ನಕ್ಕೆ ಬಂದಿರೋದು, ಬಿಟ್ಬಿಡಿ" ಎಂದು ನನ್ನ ಹೆಂಡತಿ ಸುಧಾ ತೋಳು ಜಗ್ಗುತ್ತಾಳೆ.

ಈ ವಿದ್ಯೆಯನ್ನು ನಮ್ಮವರ ಮೇಲಷ್ಟೇ ಪ್ರಯೋಗಿಸಿಕೊಂಡಿದ್ದರೆ ಚೆನ್ನಾಗಿತ್ತು. ಮನ್ರೋದಲ್ಲಿ ನಮ್ಮ ಪಕ್ಕದ ಮನೆಯವರು ಆರ್ಚಿ ಡ್ರಮ್‌ಕಾರ್ಟಿ. ರಿಟೈರ್ ಆದ ಮೇಲೆ ವಂಶದ ಬೇರು ಹುಡುಕಲು ಕೂತವರು. ಸ್ಕಾಟ್ಲೆಂಡಿನಲ್ಲಿ ಡ್ರಮ್‌ಕಾರ್ಟಿ ಎಂಬ ಹಳೆಯ ಜಮೀನ್ದಾರಿ ಮನೆತನವಿದೆಯಂತೆ; ತಾವು ಅದರ ಎರಡನೇ ಮಗನ ಕವಲು ಎನ್ನುವುದು ಅವರ ನಂಬಿಕೆ. ಈ ಬೇಸಿಗೆಯಲ್ಲಿ ಆ ಹೆಸರಿನವರೆಲ್ಲ ನ್ಯೂಜೆರ್ಸಿಯ ಒಂದು ಮೈದಾನದಲ್ಲಿ ಸೇರುವವರಿದ್ದರು. ಮನೆತನದ ಯಜಮಾನರೇ ಸ್ಕಾಟ್ಲೆಂಡಿನಿಂದ ಬಂದು ಮೆರವಣಿಗೆಯ ಮುಂದೆ ನಡೆಯುತ್ತಾರೆ, ಅವರ ಜೊತೆಗೆ ರಕ್ತಸಂಬಂಧಿಗಳು, ಉಳಿದವರೆಲ್ಲ ಹಿಂದೆ. ತಾವು ಮುಂದೆ ನಡೆಯುವುದನ್ನು ನೋಡಲಿ ಎಂದು ಆರ್ಚಿ ಕ್ಯಾಲಿಫೋರ್ನಿಯಾದಿಂದ ಮೊಮ್ಮಗಳನ್ನೂ ಕರೆಸಿದ್ದರು. ಅಲ್ಲಿನ ಗಂಡಸರು ಉಡುವ ಚೌಕಳಿ ಲಂಗ, ಕಿಲ್ಟ್, ಹೊಲಿಸಿದ್ದಾಗಿತ್ತು.

ನಮ್ಮಲ್ಲಿ ಇಷ್ಟು ಕಷ್ಟವಿಲ್ಲ. ಪ್ರವರ ಹೇಳುವಾಗ ನಾವು ಮೂವರು ಋಷಿಗಳಿಂದ ಒಂದೇ ನೆಗೆತಕ್ಕೆ ನಮ್ಮವರೆಗೆ ಬಂದುಬಿಡುತ್ತೇವೆ. ನಡುವೆ ಯಾರಿದ್ದರು ಎಂದು ಯಾವ ಋಷಿಯೂ ಕೇಳಿಲ್ಲ. ಶ್ರಾದ್ಧದಲ್ಲಿ ಪುರೋಹಿತರು ಮುತ್ತಜ್ಜನ ಹೆಸರಿಗೆ ನಿಲ್ಲಿಸುತ್ತಾರೆ. ಇನ್ನೂ ಹಿಂದಕ್ಕೆ ಹೋದರೆ ವಡೆ ಆರುತ್ತದೆ.

ಒಂದು ಭಾನುವಾರ ಆರ್ಚಿ ನನ್ನನ್ನು ತಮ್ಮ ಬೇಸ್‌ಮೆಂಟಿಗೆ ಕರೆದುಕೊಂಡು ಹೋಗಿ ಗೋಡೆ ತುಂಬ ಅಂಟಿಸಿದ್ದ ವಂಶವೃಕ್ಷ ತೋರಿಸಿದರು. ಹಿರಿಮಗನಿಗೆ ಅವನ ತಂದೆಯ ತಂದೆಯ ಹೆಸರಿಡುವುದು ತಮ್ಮ ಹಿರಿಯರ ಪದ್ಧತಿ ಎಂದರು. ನನಗೆ ಕುಣಿಯುವಷ್ಟು ಖುಷಿಯಾಯಿತು. ನಮ್ಮ ಮನೆಯಲ್ಲೂ ಅದೇ ಪದ್ಧತಿ! ನನಗೆ ತಾತನ ಹೆಸರಿಟ್ಟದ್ದರಿಂದ ಅಜ್ಜಿ ನನ್ನನ್ನು ಕೊನೆಯವರೆಗೂ "ಮರೀ" ಎಂದೇ ಕರೆದರು. ಮಾವನ ಹೆಸರು ಹಿಡಿದು ಬೈಯಲು ಅಮ್ಮನಿಗೆ ಬಾಯಿ ಬರುತ್ತಿರಲಿಲ್ಲ. ನನ್ನ ಬಾಲ್ಯ ಸುಖವಾಗಿ ಕಳೆಯಿತು.

ಆ ಖುಷಿಯಲ್ಲೇ ಗೋಡೆ ನೋಡಿದೆ. ಜಮೀನ್ದಾರ ಜೇಮ್ಸ್. ಅವನ ಎರಡನೇ ಮಗ, ಆರ್ಚಿಯವರ ಮೂಲಪುರುಷ, ಆರ್ಚಿಬಾಲ್ಡ್. ಅವನ ಹಿರಿಮಗ ಥಾಮಸ್. ಥಾಮಸನ ಹಿರಿಮಗ ಮತ್ತೆ ಆರ್ಚಿಬಾಲ್ಡ್.

"ಮೊದಲನೇ ಆರ್ಚಿಬಾಲ್ಡ್ ಜೇಮ್ಸನ ಮಗನಾಗಿದ್ದರೆ, ಅವನ ಹಿರಿಮಗನಿಗೆ ಜೇಮ್ಸ್ ಅಂತ ತಾನೇ ಹೆಸರಿಡಬೇಕಿತ್ತು? ಅವನಪ್ಪ ಯಾರೋ ಥಾಮಸ್ ಇರಬೇಕು" ಎಂದುಬಿಟ್ಟೆ.

ಆರ್ಚಿ ಬೆರಳಿಟ್ಟು ಹೆಸರುಗಳನ್ನು ಮೇಲಿಂದ ಕೆಳಗೆ ಮತ್ತೊಮ್ಮೆ ಓದಿದರು. ವಾರದೊಳಗೆ ಸ್ಕಾಟ್ಲೆಂಡಿನಲ್ಲಿ ಆ ಮನೆತನದ ಊರಿನ ಇತಿಹಾಸ ಬಲ್ಲವರೊಬ್ಬರನ್ನು ಫೋನಿನಲ್ಲಿ ವಿಚಾರಿಸಿದರು. ನನ್ನ ಲೆಕ್ಕ ಸರಿಯಾಗಿತ್ತು. ಮೊದಲನೇ ಆರ್ಚಿಬಾಲ್ಡನ ಅಪ್ಪ ಥಾಮಸ್ ಆ ಜಮೀನಿನ ಗೇಣಿದಾರ. ಜಮೀನ್ದಾರನ ನೆಲದಲ್ಲಿ ಇದ್ದವರು ಅವನ ಮನೆತನದ ಹೆಸರನ್ನೇ ಇಟ್ಟುಕೊಳ್ಳುವುದು ಅಲ್ಲಿ ನಡೆದುಬಂದಿತ್ತಂತೆ.

"ಆ ಮುದುಕರ ಆಸೆಗೆ ಕಲ್ಲು ಹಾಕಿ ಬಂದ್ರಲ್ಲ, ನಿಮಗೇನು ಸಿಕ್ತು?" ಎಂದಳು ಸುಧಾ. ನನಗೆ ನಿಜವಾಗಿಯೂ ಸಂಕಟವಾಯಿತು. ಹುಲ್ಲು ಕತ್ತರಿಸುವಾಗಲೂ ಆರ್ಚಿ ಈ ಕಡೆ ತಿರುಗುತ್ತಿರಲಿಲ್ಲ. ಸುಧಾ ಚಿತ್ರಾನ್ನ ಕೊಟ್ಟು ಕಳಿಸಿದಳು. ಡಬ್ಬಿ ತೊಳೆದು ವಾಪಸ್ ಬಂತು, ಮಾತು ಬರಲಿಲ್ಲ.

ಮೆರವಣಿಗೆಯ ದಿನ ಬೆಳಗ್ಗೆ ಬಾಗಿಲು ಬಡಿದ ಸದ್ದಾಯಿತು. ಕಿಲ್ಟ್ ಉಟ್ಟು, ಹೆಗಲಿಗೆ ಚೌಕಳಿ ಶಾಲು ಹೊದ್ದು ಆರ್ಚಿ ನಿಂತಿದ್ದರು, ಪಕ್ಕದಲ್ಲಿ ಮೊಮ್ಮಗಳು. "ಮುಂದೆ ನನಗೆ ಜಾಗ ಇಲ್ಲ ಅಂತ ಮೆರವಣಿಗೆಯವರಿಗೆ ನಾನೇ ಹೇಳಿಬಿಟ್ಟೆ. ಹಿಂದೆ ಬೇಕಾದಷ್ಟಿದೆ. ನೀನೂ ಬಾ" ಎಂದರು.

ಮೈದಾನದಲ್ಲಿ ನೋಡಿದರೆ ಮುಂದೆ ಯಜಮಾನರು, ಅವರ ಅಕ್ಕ, ಛತ್ರಿ ಹಿಡಿದ ಒಬ್ಬ ಸೋದರಳಿಯ. ಅಷ್ಟೇ. ಹಿಂದೆ ಜಾತ್ರೆ. ಗೇಣಿದಾರರ, ಕಮ್ಮಾರರ, ಕುರಿ ಕಾಯುವವರ ಮರಿಮಕ್ಕಳೆಲ್ಲ ಒಂದೇ ಹೆಸರು ಹೊತ್ತು ನಗುತ್ತಿದ್ದರು. ಆರ್ಚಿ ಎಲ್ಲರ ಕೈ ಕುಲುಕುತ್ತಿದ್ದರು. ಅವರ ಮುಖ ನೋಡಿ ನನ್ನ ಎದೆ ಹಗುರಾಯಿತು.

ಒಬ್ಬ ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ, ನನ್ನದು ಯಾವ ಕವಲು ಎಂದು ಬಹಳ ವಿನಯದಿಂದ ಕೇಳಿದರು. ನಾನು ಆರ್ಚಿಯವರ ಕಡೆ ತಿರುಗಿದೆ.

"ನಮ್ಮ ಥಾಮಸನ ಹಾಗೇ," ಎಂದರು ಆರ್ಚಿ. "ಡ್ರಮ್‌ಕಾರ್ಟಿಯ ಬೇಲಿಗೆ ಅಂಟಿಕೊಂಡಿರುವವನು." ಹಾಗೆಂದವರೇ ತಮ್ಮ ಶಾಲು ತೆಗೆದು ನನ್ನ ಹೆಗಲಿಗೆ ಹೊದಿಸಿದರು.

ಜುಲೈ ಬಿಸಿಲು. ದಪ್ಪ ಉಣ್ಣೆಯ ಶಾಲು ಕತ್ತನ್ನೆಲ್ಲ ಚುಚ್ಚುತ್ತಿತ್ತು, ಬೆವರು ಇಳಿಯುತ್ತಿತ್ತು. ಆದರೂ ಮೆರವಣಿಗೆ ಮುಗಿಯುವವರೆಗೆ ತೆಗೆಯಲಿಲ್ಲ. ಮನೆತನದ ಮರ್ಯಾದೆಯ ಪ್ರಶ್ನೆ ನೋಡಿ.