ಬಾವಿಗಿಳಿದ ಬೂದಿ ಬಕೆಟ್

ಬೆಳಿಗ್ಗೆ ಏಳೂಕಾಲಿಗೆ ಬೂದಿರಾಶಿಗೆ ನೀರು ಚಿಮುಕಿಸುವುದು ಅವಳ ದಿನದ ಮೊದಲ ಕೆಲಸ. ಒಣಬೂದಿ ಗಾಳಿಗೆ ಎದ್ದರೆ ಪಕ್ಕದ ಓಣಿಯಲ್ಲಿ ಒಗೆದು ಹಾಕಿದ ಬಟ್ಟೆಯೆಲ್ಲ ಹಾಳು. ಆಮೇಲೆ ಮಾತು ಕೇಳಬೇಕಾದವಳು ಅವಳೇ. ವಿದ್ಯುತ್ ಸ್ಥಾವರದಲ್ಲಿ ಕಲ್ಲಿದ್ದಲು ಉರಿದು ಉಳಿಯುವ ಬೂದಿಯಿಂದ ಇಟ್ಟಿಗೆ ಒತ್ತುವ ಆರು ಜನರ ಘಟಕ ಅವಳದು. ಓಣಿಯವರಿಗೆಲ್ಲ ಅವಳು ಇಟ್ಟಿಗೆ ಅಕ್ಕ.

ಆ ಗುರುವಾರ ಖಾಲಿ ಬಕೆಟ್ಟನ್ನು ಬೋರಲು ಹಾಕಲು ಬಗ್ಗಿದವಳು ಹಾಗೇ ನಿಂತುಬಿಟ್ಟಳು. ಬಕೆಟ್ಟಿನ ತಳದಲ್ಲಿ ಬೆರಳು ದಪ್ಪದ ಬೂದಿ ಹೆಪ್ಪುಗಟ್ಟಿತ್ತು. ಉಗುರಿನಿಂದ ಕೆರೆದರೆ ಪುಡಿಯಾಗಿ ಉದುರಿತು. ಮರುಕ್ಷಣವೇ, ಎಷ್ಟೋ ದಿನದ ಮೇಲೆ, ಉಸಿರು ಸಲೀಸಾಗಿ ಆಡಿತು.

ಹದಿನೆಂಟು ದಿನದಿಂದ ಮನೆಯಲ್ಲಿ ಯಾರಿಗೂ ಊಟ ಸೇರುತ್ತಿರಲಿಲ್ಲ. ಕಾರಣ ಹಿತ್ತಿಲ ಗುಂಡಿ. ಎಂಟು ವರ್ಷದ ಹಿಂದೆ ಲಾರಿಗಟ್ಟಲೆ ಬೂದಿ ಸುರಿಸಿ ಅದನ್ನು ಮಟ್ಟ ಮಾಡಿಸಿದವಳು ಅವಳೇ. ಆಗ ಕೇಳುವವರಿರಲಿಲ್ಲ, ಬೂದಿ ಒಯ್ದರೆ ಸ್ಥಾವರದವರೇ ಕೈಮುಗಿಯುತ್ತಿದ್ದರು. ಈಗ ಸರ್ಕಾರದ ಹೊಸ ನಿಯಮ ಬಂದಿದೆ. ಇಟ್ಟಿಗೆಯಲ್ಲೋ ಸಿಮೆಂಟಿನಲ್ಲೋ ಗಟ್ಟಿಯಾಗಿ ಸೇರಿಹೋದ ಬೂದಿಗೆ ತಕರಾರಿಲ್ಲ. ಸಡಿಲ ಬೂದಿ ತುಂಬಿದ ಜಾಗವಿದ್ದರೆ ಮಾತ್ರ ತಾವಾಗಿಯೇ ತಿಳಿಸಬೇಕು, ಹತ್ತಿರದ ಕುಡಿಯುವ ನೀರಿನ ಪರೀಕ್ಷೆಯಾಗಬೇಕು. ನೀರು ಕೆಟ್ಟಿದ್ದರೆ ಬಾವಿಗೂ ಬೀಗ, ಘಟಕಕ್ಕೂ ಬೀಗ. ಗುಂಡಿಯಿಂದ ಅವರ ಬಾವಿಗೆ ಇಪ್ಪತ್ತೇ ಹೆಜ್ಜೆ.

ಮೇಲೆ ಹುಲ್ಲು ಬೆಳೆದಿದೆ, ಯಾರು ಅಗೆದು ನೋಡುತ್ತಾರೆ, ತೆಪ್ಪಗಿರು ಎಂದಿದ್ದ ಗಂಡ. ಆದರೆ ಆ ನೀರನ್ನೇ ಕುಡಿದು ಬೆಳೆದ ಐದು ವರ್ಷದ ಮಗಳಿದ್ದಳು. ಬೀಗಕ್ಕಿಂತ ಅದೇ ಅವಳ ತಲೆ ತಿನ್ನುತ್ತಿತ್ತು. ಅರ್ಜಿ ತುಂಬಿ ಕೊಟ್ಟುಬಿಟ್ಟಳು.

ಪರಿಸರ ಇಲಾಖೆಯಿಂದ ಬಂದ ಅಧಿಕಾರಿ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಮಾದರಿ ನೀರು ತುಂಬುವ ಬಾಟಲಿ ಇಳಿಸಲು ಅವರು ತಂದ ದಾರ ಬಾವಿಯ ನೀರಿಗೆ ಎಟುಕಲಿಲ್ಲ. ಒಂದು ಬಕೆಟ್ ಕೊಡಿ ಎಂದರು. ಇಟ್ಟಿಗೆ ಅಕ್ಕ ಗಾಬರಿಯಲ್ಲಿ ಕೈಗೆ ಸಿಕ್ಕಿದ್ದನ್ನು ಹಗ್ಗಕ್ಕೆ ಕಟ್ಟಿ ಇಳಿಸಿದಳು. ವಾರದಲ್ಲಿ ವರದಿ ಬಂತು: ಬೂದಿಯಿಂದ ನೀರಿಗಿಳಿಯುವ ವಿಷಗಳಾದ ಆರ್ಸೆನಿಕ್ ಹೆಚ್ಚು, ಬೋರಾನ್ ಹೆಚ್ಚು. ಘಟಕಕ್ಕೆ ಬೀಗ ಹಾಕುವ ಆದೇಶ ಬರುವುದಷ್ಟೇ ಬಾಕಿ. ಅಂದಿನಿಂದ ಎರಡು ಓಣಿಯಾಚೆಯ ನಲ್ಲಿಯಿಂದ ನೀರು ಹೊರುತ್ತಿದ್ದರು.

ಈಗ ಅವಳು ನಿಂತಲ್ಲಿಂದಲೇ ಫೋನ್ ಮಾಡಿದಳು.

"ಮೇಡಂ, ಅವತ್ತು ನಾನು ಕೊಟ್ಟಿದ್ದು ಬೂದಿ ಕಲಸೋ ಬಕೆಟ್ಟು."

ಅಧಿಕಾರಿ ಆ ಕಡೆಯಿಂದ ಒಪ್ಪಿಕೊಂಡರು. "ನಾನೂ ಬಗ್ಗಿ ನೋಡ್ಲಿಲ್ಲ ಅಕ್ಕಾ. ಬಾವಿಗೆ ಏನೂ ಇಳಿಸಬೇಡಿ. ನಾಳೆನೇ ಬರ್ತೀನಿ."

ಸುದ್ದಿ ಕೇಳಿದ ಅತ್ತೆ ಸೊಸೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಮನೇಲಿ ಏಳು ಬಕೆಟ್ ಇದಾವೆ. ನಿನ್ನ ಕೈಗೆ ಅದೇ ಸಿಗಬೇಕಿತ್ತಾ?"

ಮರುದಿನ ಅಧಿಕಾರಿ ಉದ್ದದ ದಾರವನ್ನೂ ಸೀಲು ಬಿಚ್ಚದ ಬಾಟಲಿಗಳನ್ನೂ ತಂದರು. ಬಾಡಿಗೆಗೆ ತಂದ ಮೋಟಾರ್ ಹಚ್ಚಿ ಎರಡು ಗಂಟೆ ಹಳೆಯ ನೀರು ಹೊರಚೆಲ್ಲಿಸಿ, ಆಮೇಲೆ ಮೂರು ಬಾಟಲಿ ತುಂಬಿಕೊಂಡರು. ಗುಂಡಿಯನ್ನೂ ಎರಡು ಕಡೆ ತಳದವರೆಗೆ ಕೊರೆಸಿದರು.

ಒಂಬತ್ತನೆಯ ದಿನ ವರದಿ ಬಂತು. ಎಲ್ಲವೂ ಮಿತಿಯೊಳಗಿತ್ತು. ಹಿಂದೊಮ್ಮೆ ಹೆಂಚು ಮಾಡುವವರು ಜೇಡಿಮಣ್ಣು ತೆಗೆದು ಬಿಟ್ಟ ಗುಂಡಿ ಅದು. ತಳದಲ್ಲಿ ಇನ್ನೂ ಆಳೆತ್ತರ ಜೇಡಿ ಉಳಿದು ಬೂದಿಯ ನೀರನ್ನು ತಡೆದಿತ್ತು. ಇದು ನಿಮ್ಮ ಅದೃಷ್ಟ, ಇದನ್ನೇ ನಂಬಿ ಕೂರಬೇಡಿ ಎಂದು ಅಧಿಕಾರಿ ಎಚ್ಚರಿಸಿದರು. ಕೇಳಿಸಿಕೊಂಡ ಗಂಡ ಕುಸಿದು ಕುಳಿತದ್ದು ಆಗಷ್ಟೇ ಒತ್ತಿದ ಹಸಿ ಇಟ್ಟಿಗೆಗಳ ಮೇಲೆ. ಐದು ಇಟ್ಟಿಗೆ ಅಪ್ಪಚ್ಚಿ. ಯಾರೂ ಬೈಯಲಿಲ್ಲ.

ಅತ್ತೆ ಬಾವಿಯಿಂದ ಒಂದು ಕೊಡ ಸೇದಿ, ಲೋಟ ತುಂಬಿಸಿ ಸೊಸೆಗೆ ಹಿಡಿದರು. "ಗುಂಡಿ ತುಂಬಿಸಿದೋಳು ನೀನು. ಮೊದ್ಲು ನೀನೇ ಕುಡಿ." ಇಟ್ಟಿಗೆ ಅಕ್ಕ ಗಟಗಟನೆ ಕುಡಿದು ಇನ್ನೊಂದು ಲೋಟ ಕೇಳಿದಳು. ಮಗಳು ತನಗೂ ಬೇಕೆಂದು ಸೆರಗು ಜಗ್ಗುತ್ತಿದ್ದಳು.

ಘಟಕದ ಪರವಾನಗಿ ಉಳಿದಿದೆ. ಗುಂಡಿಯ ಬೂದಿಯನ್ನು ನಾಲ್ಕು ತಿಂಗಳೊಳಗೆ ತೆಗೆಯಬೇಕೆಂಬ ಷರತ್ತಿದೆ. ಸೋಮವಾರ ಅಗೆತ ಶುರು.