ಜಗಳೂರಿನ ಬಸ್ಸಿನ ಹಾಡು

ನಮ್ಮ ಲಂಬಾಣಿಗರಲ್ಲಿ ಮದುಮಗಳು ತವರು ಬಿಡುವಾಗ ಒಬ್ಬೊಬ್ಬರ ಕೊರಳು ತಬ್ಬಿ ಹಾಡುತ್ತಲೇ ಅಳಬೇಕು. ಎಪ್ಪತ್ತರ ದಶಕದಲ್ಲಿ, ನ್ಯಾಮತಿ ಹತ್ತಿರದ ನಮ್ಮ ತಾಂಡಾದಲ್ಲಿ ಜಗಳೂರು ಕಡೆಯ ಹುಡುಗನೊಂದಿಗೆ ತಂಗಿಯ ಮದುವೆಯಾದಾಗ ಅವಳಿಗೆ ಒಂದು ಹಾಡೂ ಬರುತ್ತಿರಲಿಲ್ಲ. ಬೀಗರ ಮುಂದೆ ಮರ್ಯಾದೆ ಹೋಗಬಾರದೆಂದು ನಾನೇ ನಮ್ಮ ಮಾತಿನಲ್ಲಿ ಒಂದು ಕಟ್ಟಿಕೊಟ್ಟೆ. "ಜಗಳೂರಿನ ಕೆಂಪು ಬಸ್ಸೇ, ಅವ್ವ ಕಣ್ಣೊರೆಸಿಕೊಳ್ಳುವ ತನಕ ನಿಲ್ಲು" ಎಂದು ಅದರ ಅರ್ಥ. ಬೀಗರ ಕಡೆಯ ಹೆಂಗಸರೂ ಅತ್ತರು.

ಮುಂದೆ ಚನ್ನಗಿರಿಯಲ್ಲಿ ಕನ್ನಡ ಮೇಷ್ಟ್ರಾದೆ. ರಜೆಯಲ್ಲಿ ತಾಂಡಾಗಳನ್ನು ಸುತ್ತಿ ನಮ್ಮ ಹಾಡುಗಳನ್ನು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳುತ್ತಿದ್ದೆ. ಲಿಪಿಯೇ ಇಲ್ಲದ ಭಾಷೆಗೆ ಇಷ್ಟೆಲ್ಲ ಯಾಕೆ ಎನ್ನುತ್ತಿದ್ದ ಸಹೋದ್ಯೋಗಿಗಳಿಗೆ ಉತ್ತರ ಕೊಡುವುದನ್ನೇ ಬಿಟ್ಟಿದ್ದೆ.

ಎಂಬತ್ತರ ದಶಕದಲ್ಲಿ ಒಮ್ಮೆ, ಜಗಳೂರು ಕಡೆಯ ತಾಂಡಾದಲ್ಲಿ ಹಿರಿಯ ಹೆಂಗಸೊಬ್ಬರು ಅದೇ ಹಾಡು ಹೇಳಿದರು. ಯಾರು ಕಟ್ಟಿದ್ದೆಂದು ಕೇಳಿದೆ.

"ಯಾರೂ ಕಟ್ಟಿಲ್ಲ ತಮ್ಮಾ, ನಮ್ಮಜ್ಜಿ ಕಾಲದಿಂದ ಐತೆ. ಬರ್ಕೊಳ್ಳಾಕೆ ಬಂದೀಯಲ್ಲ, ಬರ್ಕೋ."

ಅವರಜ್ಜಿಯ ಕಾಲದಲ್ಲಿ ಬಸ್ಸೆಲ್ಲಿತ್ತು ಎಂದು ಬಾಯಿಗೆ ಬಂತು, ನುಂಗಿಕೊಂಡೆ. ಅವ್ವನ ಜಾಗದಲ್ಲಿ ಅವರು ಅಪ್ಪನನ್ನು ತಂದಿದ್ದರು. ಅಪ್ಪ ರುಮಾಲಿನ ತುದಿಯಲ್ಲಿ ಕಣ್ಣೊರೆಸಿಕೊಳ್ಳುವ ತನಕ ಬಸ್ಸು ನಿಲ್ಲಬೇಕಿತ್ತು. ನನ್ನ ಸಾಲಿಗಿಂತ ಅದೇ ಚೆನ್ನಾಗಿತ್ತು.

ಅದನ್ನೇ ಬರೆದುಕೊಂಡು, ಕೆಳಗೆ ಅವರು ಹೇಳಿದಂತೆಯೇ ‘ಯಾರೂ ಕಟ್ಟಿಲ್ಲ’ ಎಂದು ಸೇರಿಸಿದೆ.